ಕಾಪಾಡುತ್ತೇವೆಂದು ಗರಗಸ ತಂದವರು

ಆ ಕುದುರೆಯನ್ನು ನೋಡಿ. ದವಡೆ ಜೋತುಬಿದ್ದಿದೆ. ಮೂಗಿನ ಹೊಳ್ಳೆಗಳು ಅರಳಿವೆ. ಕಣ್ಣುಗುಡ್ಡೆ ಹೊರಚಾಚಿದೆ. ಕೆನ್ನೆಯ ಎಲುಬಿಗೆ ಚರ್ಮ ಬಿಗಿದು ಅಂಟಿದೆ. ರಾತ್ರಿಯಿಡೀ ಚಂದ್ರದೇವಿ ಸೆಲೀನಿಯ ರಥ ಎಳೆದು ಸೋತ ಪ್ರಾಣಿ ಅದು. ಬೆಳಕು ಹರಿಯುತ್ತಿದೆ. ಇನ್ನೇನು ಕಡಲಿಗಿಳಿಯಬೇಕು. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ, ತನ್ನ ಹೆಸರು ಬರೆದಿಡದ ಶಿಲ್ಪಿಯೊಬ್ಬ ಕಲ್ಲಿಗೆ ಏದುಸಿರು ಕೊಟ್ಟ.

ಕುದುರೆಯ ತಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ರಥ ಹೊಡೆಯುತ್ತಿದ್ದ ಸೆಲೀನಿಯ ಮುಂಡ ಅಥೆನ್ಸಿನಲ್ಲಿದೆ. ಕಡಲದೇವ ಪೊಸೈಡನ್ನನ ಎದೆಯೇ ಎರಡು ಪಾಲಾಗಿದೆ. ಒಂದು ಚೂರು ಅಥೆನ್ಸಿನಲ್ಲಿ, ಇನ್ನೊಂದು ಲಂಡನ್ನಿನಲ್ಲಿ. ಒಂದೇ ದೇವರ ಒಂದೇ ಎದೆ!

ಯಾಕೆ ಹೀಗೆ ಮಾಡಿದಿರಿ ಎಂದು ಲಂಡನ್ನಿನವರನ್ನು ಕೇಳಿ. ಉತ್ತರ ನಾಲಿಗೆಯ ತುದಿಯಲ್ಲೇ ಇದೆ. ಕಾಪಾಡಲಿಕ್ಕೆ. ನಾವು ತರದಿದ್ದರೆ ಹಾಳಾಗುತ್ತಿತ್ತು. ಅಲ್ಲಿನವರಿಗೆ ಅದರ ಬೆಲೆ ಗೊತ್ತಿರಲಿಲ್ಲ. ಇನ್ನೂರು ವರ್ಷಗಳಿಂದ ಇದೇ ಮಾತು. ಪಾರ್ಲಿಮೆಂಟಿನಲ್ಲಿ ಇದೇ ಮಾತು, ಪತ್ರಿಕೆಗಳಲ್ಲಿ ಇದೇ ಮಾತು. ಕೇಳಿ ಕೇಳಿ ನಮ್ಮಲ್ಲೂ ಓದಿದವರು ತಲೆದೂಗುತ್ತಾರೆ.

ಹಸಿ ಸುಳ್ಳು. ಕಾಪಾಡುತ್ತೇವೆಂದು ಬಂದವರೇ ಕೊಯ್ದರು. ಮುಳುಗಿಸಿದರು. ಕೆರೆದರು. ಕೆರೆದದ್ದನ್ನು ಅರವತ್ತು ವರ್ಷ ಮುಚ್ಚಿಟ್ಟರು. ಅದರ ಲೆಕ್ಕವೇ ಈ ಬರಹ.

ಮೊದಲು ಅವರು ಒಡೆದದ್ದು ಏನನ್ನು ಎಂದು ತಿಳಿಯಬೇಕು. ಪಾರ್ಥೆನಾನ್ ಅಥೆನ್ಸಿನ ಗುಡ್ಡದ ಮೇಲಿನ ಅಥೀನಾ ದೇವಿಯ ಗುಡಿ. ಕ್ರಿ.ಪೂ. 447ರಲ್ಲಿ ಕೆಲಸ ಶುರು, 432ಕ್ಕೆ ಮುಕ್ತಾಯ. ಪೆಂಟೆಲಿ ಬೆಟ್ಟದ ಅಮೃತಶಿಲೆ. ಇಕ್ಟಿನಸ್, ಕ್ಯಾಲಿಕ್ರಟೀಸ್ ಕಟ್ಟಿದರು. ಶಿಲ್ಪದ ಹೊಣೆ ಫಿಡಿಯಸ್‌ನದು. ಗುಡಿಯ ಪೂರ್ವದ ಮುಕ್ಕೋನೆಯಲ್ಲಿ, ಅಂದರೆ ಸೂರಿನಡಿಯ ತ್ರಿಕೋನದಲ್ಲಿ, ಅಥೀನಾಳ ಹುಟ್ಟು. ತನ್ನನ್ನು ಮೀರಿಸುವ ಮಗು ಹುಟ್ಟೀತೆಂದು ಹೆದರಿ ದೇವರಾಜ ಜ್ಯೂಸ್ ಬಸುರಿ ಹೆಂಡತಿ ಮೇಟಿಸಳನ್ನೇ ನುಂಗಿದ. ನುಂಗಿದರೆ ಬಿಟ್ಟೀತೇ? ತಲೆ ಸಿಡಿಯತೊಡಗಿತು. ಕಮ್ಮಾರದೇವ ಹೆಫೀಸ್ಟಸ್ ಕೊಡಲಿ ಎತ್ತಿ ನೆತ್ತಿಗೆ ಹೊಡೆದ. ಒಳಗಿಂದ ಅಥೀನಾ ಆಯುಧ ಹಿಡಿದೇ ಹೊರಬಂದಳು. ಒಂದು ಮೂಲೆಯಲ್ಲಿ ಸೂರ್ಯನ ಕುದುರೆಗಳು ಕಡಲಿನಿಂದೇಳುತ್ತವೆ. ಇನ್ನೊಂದು ಮೂಲೆಯಲ್ಲಿ ಚಂದ್ರನ ಕುದುರೆಗಳು ಇಳಿಯುತ್ತವೆ. ಲೋಕದ ಹೊಸ ಬೆಳಗು ಅಂದರೆ ಅದು. ಆ ದಣಿದ ಕುದುರೆಗೆ ಅರ್ಥ ಬರುವುದು ಆ ಮೂಲೆಯಲ್ಲಿ, ಆ ಏಳುವ ಸೂರ್ಯನ ಎದುರಿನಲ್ಲಿ.

ಪಶ್ಚಿಮದ ಮುಕ್ಕೋನೆಯಲ್ಲಿ ಜಗಳ. ಊರು ಯಾರದು? ಪೊಸೈಡನ್ ತ್ರಿಶೂಲದಿಂದ ಬಂಡೆಗೆ ಬಡಿದ, ಉಪ್ಪುನೀರು ಚಿಮ್ಮಿತು. ಅಥೀನಾ ಆಲಿವ್ ಗಿಡ ನೆಟ್ಟಳು. ಗೆದ್ದದ್ದು ಗಿಡ.

ಒಳಗೋಡೆಯ ನೆತ್ತಿಯಲ್ಲಿ ಗುಡಿಯನ್ನು ಸುತ್ತುವ 160 ಮೀಟರಿನ ಶಿಲ್ಪಪಟ್ಟಿಕೆ ಇತ್ತು. ಅದು ಊರಹಬ್ಬದ ಮೆರವಣಿಗೆ. ಕುದುರೆ ಹತ್ತಿದ ಹುಡುಗರು, ಚಪ್ಪಲಿಯ ಬಾರು ಬಿಗಿಯುವವನು, ಬಲಿಗೆ ಹೊರಟ ದನ, ಕೊಡ ಹೊತ್ತವರು, ದೇವಿಗೆ ನೇಯ್ದ ಸೀರೆ ಮಡಿಸುವ ಕೈಗಳು. ದನವೊಂದು ಕತ್ತೆತ್ತಿ ಹಗ್ಗ ಜಗ್ಗುತ್ತಿದೆ. ಸಾಮಾನ್ಯ ಜನ ತಮ್ಮನ್ನೇ ಗುಡಿಯ ಗೋಡೆಗೆ ಕೆತ್ತಿಕೊಂಡರು. ಆ ಕಲ್ಲುಗಳು ಗೋಡೆಗೆ ಅಂಟಿಸಿದ ಅಲಂಕಾರವಲ್ಲ. ಅವೇ ಗೋಡೆ. ಕಟ್ಟಡದ ಭಾರ ಹೊತ್ತ ಕಲ್ಲುಗಳು.

ಅವನ್ನು ಕೊಯ್ದು ತೆಗೆದರು. ನೆನಪಿಡಿ, ಗೋಡೆಯನ್ನೇ ಕೊಯ್ದರು. ಕೊಯ್ಸಿದವನು ಬ್ರಿಟಿಷ್ ಪ್ರಭು ಎಲ್ಗಿನ್.

ಎಲ್ಗಿನ್‌ನೇ ಮೊದಲಿಗನಲ್ಲ, ನಿಜ. ಕ್ರೈಸ್ತರು ಗುಡಿಯನ್ನು ಚರ್ಚು ಮಾಡಿದರು. ಹಳೆಯ ದೇವರುಗಳ ಮುಖಗಳನ್ನು ಉಳಿಯಿಂದ ಜಜ್ಜಿದರು. ಆಮೇಲೆ ತುರ್ಕರು ಮಸೀದಿ ಮಾಡಿದರು. 1687ರಲ್ಲಿ ವೆನಿಸ್ಸಿನ ದಂಡು ಮುತ್ತಿಗೆ ಹಾಕಿತು. ತುರ್ಕರು ಗುಡಿಯೊಳಗೆ ಮದ್ದು ತುಂಬಿದ್ದರು. ಹೆಂಗಸರು ಮಕ್ಕಳು ಅಲ್ಲೇ ಅಡಗಿದ್ದರು. ಸೆಪ್ಟೆಂಬರ್ 26ರಂದು ಗುಂಡು ಬಿತ್ತು. ಚಾವಣಿ ಹಾರಿತು, ಕಂಬಗಳು ಉರುಳಿದವು, ಸುಮಾರು ಮುನ್ನೂರು ಜನ ಸತ್ತರು. ಸೇನಾಪತಿ ಮೊರೊಸಿನಿಗೆ ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಪಶ್ಚಿಮದ ಮುಕ್ಕೋನೆಯ ಕುದುರೆಗಳು ಅವನಿಗೆ ಬೇಕಾದವು. ಇಳಿಸುವಾಗ ಹಗ್ಗ ಕೈಕೊಟ್ಟಿತು. ನೆಲಕ್ಕೆ ಬಿದ್ದು ನುಚ್ಚುನೂರಾದವು. ಅಂಥ ಮನುಷ್ಯನನ್ನು ವೆನಿಸ್ ಮರುವರ್ಷವೇ ತನ್ನ ಅಧಿಪತಿಯಾಗಿ ಆರಿಸಿತು.

ಅದಾದ ನೂರಹದಿನಾಲ್ಕು ವರ್ಷಕ್ಕೆ ತುರ್ಕಿಯಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಏಳನೆಯ ಎಲ್ಗಿನ್ ಪ್ರಭು ಥಾಮಸ್ ಬ್ರೂಸ್‌ನ ಆಳುಗಳು ಗುಡಿಗೆ ಕೈಹಾಕಿದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಇರುತ್ತಾರಲ್ಲ, ಹಾಗೆ. ಗಳ ಹಿರಿದವನು ಮನೆ ಉಳಿಸಿದೆ ಎಂದರೆ ನಾವು ನಂಬಬೇಕೇ?

ಕನ್ನಡಿಗರೇ, ಇದು ದೂರದ ಕಥೆಯೆಂದು ಪುಟ ತಿರುಗಿಸಬೇಡಿ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ. ಈಜಿಪ್ಟ್ ಆಗ, ಅಥೆನ್ಸಿನಂತೆಯೇ, ತುರ್ಕಿಯ ಸುಲ್ತಾನನದು. ಆ ಒಂದು ದಂಡಯಾತ್ರೆ ಇಂಗ್ಲಿಷರಿಗೆ ಎರಡು ಬಾಗಿಲು ತೆರೆಯಿತು. ಟಿಪ್ಪು ಫ್ರೆಂಚರ ಜೊತೆ ಸೇರಿದ್ದಾನೆಂಬ ನೆಪ ಹೂಡಿ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದರು. ಒಳನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್. ಅದೇ ಬೇರ್ಡ್ 1801ರಲ್ಲಿ ಇಂಡಿಯಾದ ಸಿಪಾಯಿಗಳನ್ನು ಹಡಗಿಗೆ ಹತ್ತಿಸಿ, ಕೆಂಪು ಸಮುದ್ರದ ದಡದಲ್ಲಿಳಿಸಿ, ಮರಳುಗಾಡು ನಡೆಸಿ ಫ್ರೆಂಚರ ಮೇಲೆ ಕರೆದೊಯ್ದ. ಆ ವರ್ಷದ ಜೂನಿನಲ್ಲಿ ಕೈರೋ ಫ್ರೆಂಚರ ಕೈಬಿಟ್ಟಿತು. ಸುಲ್ತಾನ ಇಂಗ್ಲಿಷರ ಋಣಕ್ಕೆ ಬಿದ್ದ. ಜುಲೈನಲ್ಲಿ ಎಲ್ಗಿನ್‌ನ ಕೈಗೆ ಅಪ್ಪಣೆಯ ಕಾಗದ ಬಂತು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಪಾಲು ಹಂಚಲು ಒಡೆದು ಚೂರು ಮಾಡಿದರು. ಅದರ ಹುಲಿಯ ತಲೆ ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಬಳಿ ಇದೆ. ಅಥೆನ್ಸಿನಲ್ಲಿ ಗುಡಿ ಒಡೆದರು. ಎರಡು ವರ್ಷದ ಅಂತರ. ಒಂದೇ ಸಾಮ್ರಾಜ್ಯ. ಒಂದೇ ಕಸುಬು.

ಆ ಅಪ್ಪಣೆಯಲ್ಲಿ ಏನಿತ್ತು? ಮೂಲ ಕಾಗದ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿರುವುದು ಇಟಾಲಿಯನ್ ಅನುವಾದವೊಂದೇ. ಚಿತ್ರ ಬರೆಯಬಹುದು, ಅಚ್ಚು ತೆಗೆಯಬಹುದು, ನೆಲ ಅಗೆಯಬಹುದು, ಬರಹ ಅಥವಾ ಆಕೃತಿಯಿರುವ ಕೆಲವು ಕಲ್ಲು ಒಯ್ದರೆ ಅಡ್ಡಿ ಮಾಡಬಾರದು. ಇಷ್ಟೇ. ಗೋಡೆ ಕೊಯ್ಯಿರಿ ಎಂದು ಎಲ್ಲಿದೆ? ಸೂರು ಕೆಡವಿರಿ ಎಂದು ಎಲ್ಲಿದೆ? ಕೋಟೆಯ ಅಧಿಕಾರಿಗಳಿಗೆ ಕಾಣಿಕೆ ಹೋಯಿತು. ಬಾಯಿ ಮುಚ್ಚಿತು. ಗ್ರೀಕರನ್ನು ಯಾರೂ ಕೇಳಲಿಲ್ಲ. ಅವರು ಆಳಿಸಿಕೊಳ್ಳುವ ಜನ. ಆಳಿಸಿಕೊಳ್ಳುವವರ ಮಾತು ಯಾವ ಕಾಗದದಲ್ಲಿ ದಾಖಲಾಗುತ್ತದೆ?

1801ರ ಜುಲೈ 31ರಂದು ಹೊರಗಂಬಗಳ ಮೇಲಿನ ಕೆತ್ತನೆಯ ಚೌಕ ಫಲಕಗಳಲ್ಲಿ ಮೊದಲನೆಯದು ಇಳಿಯಿತು. ಫಲಕಗಳನ್ನು ಬಿಡಿಸಲು ಮೇಲಿನ ಸೂರುಗಲ್ಲು ಅಡ್ಡ ಬಂತು. ಕಿತ್ತು ಕೆಳಗೆ ಬೀಳಿಸಿದರು. ಪಟ್ಟಿಕೆಯ ಕಲ್ಲುಗಳು ಭಾರವಾದವು. ಹಡಗಿಗೆ ಹಗುರಾಗಬೇಕೆಂದು ಗರಗಸ ಹಾಕಿ ಬೆನ್ನು ಕೊಯ್ದರು. ಕೆತ್ತನೆಯ ಮುಖ ಲಂಡನ್ನಿಗೆ, ಬೆನ್ನು ಅಲ್ಲೇ ನೆಲಕ್ಕೆ. ಈ ಕೆಲಸದ ಮೇಸ್ತ್ರಿ ಇಟಲಿಯ ಚಿತ್ರಕಾರ ಲೂಸಿಯೇರಿ. ಸ್ವಲ್ಪ ಅನಾಗರಿಕನಂತೆ ನಡೆದುಕೊಳ್ಳಬೇಕಾಯಿತೆಂದು ಅವನೇ ಎಲ್ಗಿನ್‌ಗೆ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಕೊಯ್ದವನೇ ಒಪ್ಪಿದ್ದಾನೆ. ಕೊಯ್ದದ್ದನ್ನು ಇಟ್ಟುಕೊಂಡವರು ಮಾತ್ರ ಒಪ್ಪುವುದಿಲ್ಲ!

ಪಕ್ಕದ ಎರೆಕ್ಥಿಯಮ್ ಗುಡಿಯಲ್ಲಿ ಸೂರು ಹೊತ್ತು ನಿಂತ ಆರು ಕಲ್ಲಿನ ಹೆಣ್ಣುಮಕ್ಕಳಿದ್ದರು. ಒಬ್ಬಳನ್ನು ಕಿತ್ತೊಯ್ದರು. ಅವಳ ಜಾಗಕ್ಕೆ ಇಟ್ಟಿಗೆಯ ಕಂಬ ನಿಲ್ಲಿಸಿದರು. ಉಳಿದ ಅಕ್ಕತಂಗಿಯರು ರಾತ್ರಿ ಅಳುತ್ತಿದ್ದರೆಂದು ಅಥೆನ್ಸಿನ ಜನ ಕಥೆ ಕಟ್ಟಿದರು. ಬೆಲೆ ಗೊತ್ತಿಲ್ಲದ ಜನ ಇಂಥ ಕಥೆ ಕಟ್ಟುತ್ತಾರೆಯೇ?

1802ರ ಸೆಪ್ಟೆಂಬರಿನಲ್ಲಿ ಎಲ್ಗಿನ್‌ನ ಹಡಗು 'ಮೆಂಟರ್' ಕಿಥೀರಾ ದ್ವೀಪದ ಬಳಿ ಮುಳುಗಿತು. ಫಿಡಿಯಸ್‌ನ ಕಾಲದ ಕೆತ್ತನೆಗಳಲ್ಲಿ ಅದರೊಳಗಿದ್ದವು ಕಡಲ ತಳಕ್ಕೆ. ಮೇಲೆ ತಂದವರು ಯಾರು? ಉಸಿರು ಕಟ್ಟಿ ಸ್ಪಂಜು ಕೀಳುವ ಗ್ರೀಕ್ ಮುಳುಗುಗಾರರು. ಎರಡು ವರ್ಷ ಹಿಡಿಯಿತು. ಕಾಪಾಡಿದವರೆಂದು ಯಾರನ್ನಾದರೂ ಕರೆಯುವುದಾದರೆ ಅವರನ್ನು ಕರೆಯಬೇಕು.

ಎಲ್ಗಿನ್ ಇದನ್ನೆಲ್ಲ ತಂದದ್ದು ಲೋಕಕ್ಕಾಗಿಯೂ ಅಲ್ಲ. ಸ್ಕಾಟ್ಲೆಂಡಿನ ತನ್ನ ಬ್ರೂಮ್‌ಹಾಲ್ ಬಂಗಲೆಯ ಅಂದಕ್ಕೆ. ಸಾಲ ಕುತ್ತಿಗೆಗೆ ಬಂದಾಗ ಮಾರಲು ಹೊರಟ. 1816ರಲ್ಲಿ ಪಾರ್ಲಿಮೆಂಟು 35,000 ಪೌಂಡಿಗೆ ಕೊಂಡಿತು. ಪರವಾಗಿ 82 ಮತ, ವಿರೋಧವಾಗಿ 30. ಆ ಮೂವತ್ತು ಜನ ಅವರ ಪಾರ್ಲಿಮೆಂಟಿನವರೇ. ಇದು ಅನ್ಯಾಯವೆಂದು ಕವಿ ಬೈರನ್ ಅದಕ್ಕೂ ಮೊದಲೇ ಕೂಗಿ ಹೇಳಿದ್ದ. ಅವನೂ ಅವರವನೇ. ಆ ಕಾಲದಲ್ಲಿ ಇದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ ಎಂಬ ಮಾತನ್ನು ಇನ್ನು ಯಾರೂ ನಮ್ಮ ಮುಂದೆ ಆಡಕೂಡದು.

ಈ ಮನೆತನದ ಕೈ ಅಲ್ಲಿಗೇ ನಿಲ್ಲಲಿಲ್ಲ. 1860ರಲ್ಲಿ ಬೀಜಿಂಗಿನ ಬೇಸಿಗೆ ಅರಮನೆಗೆ ಬೆಂಕಿ ಇಡಿಸಿದವನು ಇವನ ಮಗ, ಎಂಟನೆಯ ಎಲ್ಗಿನ್. ಎರಡು ವರ್ಷಕ್ಕೆ ಅವನನ್ನೇ ಇಂಡಿಯಾದ ವೈಸರಾಯ್ ಮಾಡಿ ನಮ್ಮ ತಲೆಯ ಮೇಲೆ ಕೂರಿಸಿದರು. ಅವನ ಗೋರಿ ಧರ್ಮಶಾಲೆಯಲ್ಲಿದೆ.

ಈಗ ಕುದುರೆಗೆ ಬರೋಣ. ಅದರ ಮೇಲೆ ನಡೆದದ್ದನ್ನು ಓದುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಪೆಂಟೆಲಿಯ ಕಲ್ಲಿನಲ್ಲಿ ಕಬ್ಬಿಣದ ಅಂಶವಿದೆ. ಕಾಲ ಕಳೆದಂತೆ ಅದು ಜೇನುಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆಯಲ್ಲ, ಕಲ್ಲಿನ ಮೈಬಣ್ಣ. 1930ರ ದಶಕದಲ್ಲಿ ಜೋಸೆಫ್ ಡುವೀನ್ ಎಂಬ ಭಾರಿ ಕುಳ, ಕಲಾಕೃತಿಗಳ ವ್ಯಾಪಾರಿ, ಈ ಶಿಲ್ಪಗಳಿಗೆ ಹೊಸ ಹಾಲ್ ಕಟ್ಟಿಸಿಕೊಡಲು ದುಡ್ಡು ಸುರಿದ. ಅವನಿಗೆ ಗ್ರೀಕ್ ಶಿಲ್ಪ ಬೆಳ್ಳಗಿರಬೇಕಿತ್ತು. ಬೆಳ್ಳಗೆ ಮಾಡಿಸಿದ. 1937–38ರಲ್ಲಿ ಮ್ಯೂಸಿಯಮ್ಮಿನ ಕೆಲಸಗಾರರು ತಾಮ್ರದ ಉಳಿ ಹಿಡಿದು, ಕಾರ್ಬೊರಂಡಮ್ ಹಿಡಿದು ಉಜ್ಜಿದರು. ಕೆರೆದರು. ಸೂರ್ಯನ ಕುದುರೆಗಳನ್ನು ಕೆರೆದರು. ದೇವದೂತಿ ಐರಿಸಳನ್ನು ಕೆರೆದರು. ಆ ದಣಿದ ಕುದುರೆಯನ್ನೂ ಬಿಡಲಿಲ್ಲ. ಸಿಡಿಮದ್ದಿಗೆ ಉಳಿದದ್ದು, ಕಡಲಿಗೆ ಉಳಿದದ್ದು, ಮ್ಯೂಸಿಯಮ್ಮಿನ ತಾಮ್ರದ ಉಳಿಗೆ ಉಳಿಯಲಿಲ್ಲ.

ಕೆಲಸಗಾರರ ತಪ್ಪೇ? ಅಲ್ಲ. ಅವರು ಕೂಲಿಗೆ ದುಡಿಯುವ ಜನ, ಹೇಳಿದ್ದು ಮಾಡಿದರು. ಶ್ರೀಮಂತನೊಬ್ಬ ಒಳಗೆ ಬಂದು ಮ್ಯೂಸಿಯಮ್ಮಿನ ಆಳುಗಳಿಗೆ ಅಪ್ಪಣೆ ಕೊಡುವಾಗ ಪಂಡಿತರು ಎಲ್ಲಿದ್ದರು? ಟ್ರಸ್ಟಿಗಳು ಎಲ್ಲಿದ್ದರು? ದುಡ್ಡು ಕೊಡುವವನ ಮುಂದೆ ವಿದ್ವತ್ತು ಬಾಯಿಗೆ ಬೀಗ ಹಾಕಿಕೊಂಡಿತ್ತು.

ಇನ್ನೂ ಕೇಳಿ. ಈ ಶಿಲ್ಪಗಳು ಹುಟ್ಟಿದಾಗ ಬೆಳ್ಳಗಿರಲೇ ಇಲ್ಲ! ಗ್ರೀಕರು ಬಣ್ಣ ಬಳಿಯುತ್ತಿದ್ದರು. 2009ರಲ್ಲಿ ವಿಶೇಷ ಕ್ಯಾಮೆರಾದಲ್ಲಿ ನೋಡಿದಾಗ ಅದೇ ಐರಿಸಳ ನಡುಪಟ್ಟಿಯಲ್ಲಿ ನೀಲಿ ಬಣ್ಣದ ಕಣಗಳು ಕಂಡವು. ಕೆರೆದರೂ ಅಲ್ಲಿ ಒಂದಿಷ್ಟು ಉಳಿದಿತ್ತು. ಉಳಿಯದೇ ಹೋದದ್ದು ಎಷ್ಟು? ಯಾರ ಬಟ್ಟೆಯ ಅಂಚು, ಯಾರ ಕಣ್ಣಿನ ಗೆರೆ ಆ ಪುಡಿಯ ಜೊತೆ ಕಸದ ತೊಟ್ಟಿಗೆ ಹೋಯಿತು? ಬಿಳಿಯೇ ಚೆಲುವು, ಬಿಳಿಯೇ ಶುದ್ಧ ಎಂಬ ಯೂರೋಪಿನ ಗೀಳಿಗೆ ಮನುಷ್ಯರು ಮಾತ್ರ ಬಲಿಯಾಗಲಿಲ್ಲ. ಕಲ್ಲೂ ಬಲಿಯಾಯಿತು.

1938ರ ಸೆಪ್ಟೆಂಬರಿನಲ್ಲಿ ಸಂಗತಿ ಬಯಲಾಯಿತು. ಒಳಗೊಳಗೇ ವಿಚಾರಣೆ ನಡೆಯಿತು. ಹಾನಿಯಾಗಿದೆ ಎಂದು ಅವರ ವರದಿಯೇ ಹೇಳಿತು. ಹೊರಗಿನ ಜನಕ್ಕೆ ವಿಷಯ ತೇಲಿಸಿದರು. ಕಡತ ಕಟ್ಟಿ ಒಳಗಿಟ್ಟರು. 1998ರಲ್ಲಿ ಇತಿಹಾಸಕಾರ ವಿಲಿಯಂ ಸೇಂಟ್ ಕ್ಲೇರ್ ಆ ದಾಖಲೆಗಳನ್ನು ಪುಸ್ತಕದಲ್ಲಿ ಹೊರಹಾಕುವ ತನಕ ಲೋಕಕ್ಕೆ ಪೂರ್ತಿ ಗೊತ್ತಾಗಲಿಲ್ಲ. ಅರವತ್ತು ವರ್ಷ! ಆ ಅರವತ್ತು ವರ್ಷವೂ ಗ್ರೀಕರಿಗೆ ನೋಡಿಕೊಳ್ಳಲು ಬಾರದು ಎಂಬ ಪಾಠ ನಡೆದೇ ಇತ್ತು. 1980ರ ದಶಕದಲ್ಲಿ ಗ್ರೀಸಿನ ಸಂಸ್ಕೃತಿ ಸಚಿವೆ, ನಟಿ ಮೆಲಿನಾ ಮೆರ್ಕೂರಿ ಲಂಡನ್ನಿಗೇ ಬಂದು ಕೇಳಿದಾಗಲೂ ಆ ಕಡತ ಒಳಗೇ ಇತ್ತು.

ಗ್ರೀಕರು ತಪ್ಪೇ ಮಾಡಿಲ್ಲವೇ? ಮಾಡಿದ್ದಾರೆ. ಕಳೆದ ಶತಮಾನದ ಮೊದಲಲ್ಲಿ ಬಲಾನೋಸ್ ಎಂಬ ಎಂಜಿನಿಯರ್ ಕಬ್ಬಿಣದ ಪಟ್ಟಿ ಹಾಕಿ ಕಲ್ಲು ಜೋಡಿಸಿದ. ತುಕ್ಕು ಹಿಡಿದು ಕಲ್ಲು ಸೀಳಿತು. ಅಥೆನ್ಸಿನ ಹೊಗೆ ಪಶ್ಚಿಮದ ಪಟ್ಟಿಕೆಯನ್ನು ತಿಂದಿತು. ತಮ್ಮ ಪುರಾಣದ ಇಲಿಸೋಸ್ ನದಿಯನ್ನೇ ರಸ್ತೆಯ ಕೆಳಗೆ ಹೂತರು. ಅದಕ್ಕೂ ಕ್ಷಮೆಯಿಲ್ಲ. ಆದರೆ ಅವರು ತಿದ್ದಿಕೊಂಡರು. 1975ರ ನಂತರ ಒಂದೊಂದೇ ಕಬ್ಬಿಣ ಕಿತ್ತು ಟೈಟಾನಿಯಮ್ ಹಾಕುತ್ತಿದ್ದಾರೆ. ಚೆಲ್ಲಿಬಿದ್ದ ಚೂರುಗಳಲ್ಲಿ ಯಾವುದು ಎಲ್ಲಿಯದೆಂದು ಹುಡುಕಿ ಸೇರಿಸುತ್ತಿದ್ದಾರೆ. ಇಡಲು ಜಾಗವಿಲ್ಲ ಎಂದು ಲಂಡನ್ನಿನವರು ಅಂದರು. 2009ರಲ್ಲಿ ಗ್ರೀಕರು ಗುಡ್ಡದ ಬುಡದಲ್ಲೇ ಮ್ಯೂಸಿಯಮ್ ತೆರೆದರು. ಮೇಲಂತಸ್ತಿನ ಗಾಜಿನ ಗೋಡೆಯಾಚೆ ಗುಡಿ ಕಾಣುತ್ತದೆ. ಅಸಲಿ ಕಲ್ಲುಗಳ ನಡುವೆ ಲಂಡನ್ನಿನಲ್ಲಿರುವ ಕಲ್ಲುಗಳ ಜಾಗಕ್ಕೆ ಗಾರೆಯ ಅಚ್ಚುಗಳನ್ನು ಕೂರಿಸಿದ್ದಾರೆ. ಜೇನುಬಣ್ಣದ ಕಲ್ಲಿನ ಪಕ್ಕ ಸುಣ್ಣದಂಥ ಬಿಳಿ. ಕಳವಿನ ಲೆಕ್ಕ ಮಗುವಿಗೂ ಕಾಣುತ್ತದೆ. ಪಟ್ಟಿಕೆಯಲ್ಲಿ ಸುಮಾರು 75 ಮೀಟರ್, 92 ಚೌಕ ಫಲಕಗಳಲ್ಲಿ 15, ಮುಕ್ಕೋನೆಗಳ 17 ಮೂರ್ತಿಗಳು ಲಂಡನ್ನಿನಲ್ಲಿವೆ.

ಲಂಡನ್ ಏನು ಮಾಡುತ್ತಿದೆ? 2018ರಲ್ಲಿ ಗ್ರೀಕ್ ವಿಭಾಗದ ಚಾವಣಿಯಿಂದ ಮಳೆನೀರು ಸೋರಿತು. 2021ರಲ್ಲಿ ಮತ್ತೆ ಸೋರಿತು. 2023ರಲ್ಲಿ ಇನ್ನೂ ದೊಡ್ಡದು ಹೊರಬಿತ್ತು. ಗ್ರೀಕ್ ಮತ್ತು ರೋಮನ್ ವಿಭಾಗದ ಉಗ್ರಾಣದಿಂದ ಕೆತ್ತನೆಯ ಹರಳು, ಒಡವೆ ಸೇರಿ ಸುಮಾರು ಎರಡು ಸಾವಿರ ವಸ್ತುಗಳು ಕಳವಾಗಿದ್ದವು, ಕಾಣೆಯಾಗಿದ್ದವು, ಇಲ್ಲವೇ ಹಾಳಾಗಿದ್ದವು. ಕೆಲವು ಇಬೇಯಲ್ಲಿ ಬಿಡಿಗಾಸಿಗೆ ಮಾರಾಟವಾಗಿದ್ದವು. 2021ರಲ್ಲೇ ಡೆನ್ಮಾರ್ಕಿನ ವ್ಯಾಪಾರಿಯೊಬ್ಬರು ಎಚ್ಚರಿಸಿದ್ದರು. ಎಲ್ಲ ಸರಿಯಿದೆ ಎಂದು ಉತ್ತರ ಬರೆದರು. ಕೊನೆಗೆ ನಿರ್ದೇಶಕರು ರಾಜೀನಾಮೆ ಕೊಟ್ಟರು. ಜಗತ್ತಿನ ಸೊತ್ತಿಗೆ ನಾವೇ ಕಾವಲು ಎನ್ನುವವರ ಉಗ್ರಾಣದ ಗತಿ ಇದು.

ಈ ಶಿಲ್ಪಗಳು ಕದಲಬಾರದು ಎಂದರು. 2014ರಲ್ಲಿ ಅದೇ ಇಲಿಸೋಸ್ ನದೀದೇವನ ಮೂರ್ತಿಯನ್ನು ಹೊತ್ತು ರಷ್ಯಾಕ್ಕೆ ಕಳಿಸಿದರು. ರಷ್ಯಾಕ್ಕೆ ಹೋಗಬಹುದು, ಹುಟ್ಟೂರಿಗೆ ಹೋಗಬಾರದು. 2023ರ ನವೆಂಬರಿನಲ್ಲಿ ಗ್ರೀಸಿನ ಪ್ರಧಾನಿ ಟೀವಿಯಲ್ಲಿ ಈ ಮಾತೆತ್ತಿದರೆಂದು ಬ್ರಿಟನ್ನಿನ ಆಗಿನ ಪ್ರಧಾನಿ ರಿಷಿ ಸುನಕ್ ಭೇಟಿಯನ್ನೇ ರದ್ದು ಮಾಡಿದರು. 2024ರಲ್ಲಿ ಆ ಮೂರ್ತಿಗಳ ನಡುವೆ ಫ್ಯಾಶನ್ ಷೋ ಮಾಡಿಸಿದರು.

2025ರ ಅಕ್ಟೋಬರಿನಲ್ಲಿ ಆ ಹಾಲ್‌ನಲ್ಲೇ ಊಟದ ಮೇಜು ಹಾಕಿದರು. ತಲೆಗೆ 2,000 ಪೌಂಡಿನ ಔತಣ. ಗುಲಾಬಿ ಬೆಳಕು. ಪ್ರಾಚೀನ ಭಾರತದ ಪ್ರದರ್ಶನದ ನೆಪ. ಆತಿಥ್ಯಕ್ಕೆ ನಿಂತವರಲ್ಲಿ ನಮ್ಮ ದೇಶದ ಅತಿ ಶ್ರೀಮಂತ ಮನೆತನದ ಇಶಾ ಅಂಬಾನಿ. ಗ್ರೀಸಿನ ಸಚಿವೆ ಲೀನಾ ಮೆಂಡೋನಿ ಖಂಡಿಸಿದರು. ನಮ್ಮವರಲ್ಲಿ ಯಾರು ಖಂಡಿಸಿದರು? ಅಮರಾವತಿಯ ಸ್ತೂಪದ ಕಲ್ಲುಗಳೂ ಅದೇ ಕಟ್ಟಡದಲ್ಲಿವೆ. ಲೂಟಿಯಾದವರ ಮನೆಯ ದುಡ್ಡು ಹೋಗಿ ಲೂಟಿ ಮಾಡಿದವರ ಬೊಕ್ಕಸ ತುಂಬಬೇಕೇ? ಇನ್ನೊಬ್ಬರ ಮುರಿದ ದೇವರುಗಳ ಮುಂದೆ ಕೂತು ತುತ್ತು ಇಳಿಯಿತೇ?

ನಾವೂ ಹೋಗುತ್ತೇವೆ. ಬೆಂಗಳೂರಿನಿಂದ, ಮೈಸೂರಿನಿಂದ. ಮಕ್ಕಳನ್ನು ಓದಿಸಲು ಕಳಿಸುತ್ತೇವೆ. ಪ್ರವೇಶ ಉಚಿತ ಎಂದು ಹಿಗ್ಗುತ್ತೇವೆ. ಕುದುರೆಯ ತಲೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಅದರ ಮೈ ಯಾಕೆ ಹೀಗೆ ಉಜ್ಜಿದಂತಿದೆ ಎಂದು ಕೇಳುವುದಿಲ್ಲ. ಕೇಳಿ. ಜೋರಾಗಿ ಕೇಳಿ. ಮೇಡಂ, ಸರ್ ಎಂದು ಕೈಕಟ್ಟಿ ಕೇಳಬೇಡಿ. ಇವರು ಕೇಳದೆ ಏನನ್ನೂ ಕೊಟ್ಟವರಲ್ಲ.

ಕಾನೂನು ಅಡ್ಡಿ ಎನ್ನುತ್ತಾರೆ. 1963ರ ಬ್ರಿಟಿಷ್ ಮ್ಯೂಸಿಯಮ್ ಕಾಯ್ದೆ ಕೈ ಕಟ್ಟಿದೆಯಂತೆ. ಆ ಕಾಯ್ದೆ ಮಾಡಿದವರು ಯಾರು? ನೀವೇ. ನಾಜಿಗಳು ದೋಚಿದ ಚಿತ್ರಗಳನ್ನು ಈ ಕಾಯ್ದೆಯಿಂದಾಗಿ ವಾರಸುದಾರರಿಗೆ ಕೊಡಲಾಗದು ಎಂದು 2005ರಲ್ಲಿ ನಿಮ್ಮ ಕೋರ್ಟು ಹೇಳಿತು. 2009ರಲ್ಲಿ ನೀವೇ ಹೊಸ ಕಾನೂನು ತಂದು ದಾರಿ ಬಿಡಿಸಿದಿರಿ. ಸರಿಯಾಗಿಯೇ ಮಾಡಿದಿರಿ. ಮನಸ್ಸಿದ್ದಾಗ ಕಾನೂನು ಬಾಗಿತು. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ 2006ರಲ್ಲಿ ಪಾರ್ಥೆನಾನಿನ ಒಂದು ಹಿಮ್ಮಡಿಯ ಚೂರನ್ನು ಅಥೆನ್ಸಿಗೆ ಮರಳಿ ಕೊಟ್ಟಿತು. ಸಿಸಿಲಿಯ ಪಲೆರ್ಮೊ 2022ರಲ್ಲಿ ದೇವಿಯೊಬ್ಬಳ ಪಾದ ಕೊಟ್ಟಿತು. 2023ರಲ್ಲಿ ವ್ಯಾಟಿಕನ್ ಮೂರು ಚೂರು ಕೊಟ್ಟಿತು. ಯಾವ ಮ್ಯೂಸಿಯಮ್ಮೂ ಕುಸಿದು ಬೀಳಲಿಲ್ಲ.

ಎರವಲು ಕೊಡುತ್ತೇವೆ ಎಂಬ ಮಾತು ಬೇಡ. ತನ್ನದೇ ದೇವರನ್ನು ಸಾಲವಾಗಿ ಪಡೆಯಲು ಯಾವ ಊರು ಸಹಿ ಹಾಕಬೇಕು? 1963ರ ಕಾಯ್ದೆಗೆ ತಿದ್ದುಪಡಿ ತನ್ನಿ. 1937–38ರ ಹಾನಿಯನ್ನು ಆ ಹಾಲ್‌ನ ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಔತಣದ ಮೇಜುಗಳನ್ನು ಎತ್ತಿ. ಆಮೇಲೆ ಕಲ್ಲುಗಳನ್ನು ಪೆಟ್ಟಿಗೆಗೆ ತುಂಬಿ, ಅಥೆನ್ಸಿಗೆ ಕಳಿಸಿ.